ಬಡ್ಡಿಯ ವ್ಯಾಜ್ಯದಿಂದ ಗುಂಡಿನವರೆಗೆ: ಐರ್ಲೆಂಡ್ ಅಂತರ್ಯುದ್ಧದ ಸಿನಿಮಾದಲ್ಲಿ ಅಣ್ಣತಮ್ಮಂದಿರ ಒಂದು ಪ್ರಕರಣ

ಅಂತರ್ಯುದ್ಧದ ಸಿನಿಮಾಗಳಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಲ್ಲುವುದು ತೀರಾ ಹಳೆಯ ವಿಷಯ. ಅಮೆರಿಕದ ಅಂತರ್ಯುದ್ಧದ ಚಿತ್ರಗಳಲ್ಲಿ ಇದೆ, ಕೊರಿಯಾದ ಚಿತ್ರಗಳಲ್ಲಿ ಇದೆ. ಕೇಳಿದ ಕೂಡಲೇ ಕಣ್ಣು ಒದ್ದೆಯಾಗುವ ಕತೆ ಇದು. ಅದೇ ಕಾರಣಕ್ಕೆ ಇದನ್ನು ಸೋಮಾರಿತನದಿಂದ ಬಳಸುವವರೂ ಜಾಸ್ತಿ. ಯುದ್ಧ ಎಲ್ಲಿಂದಲೋ ಬಂತು, ಒಂದೇ ತಾಯಿಯ ಮಕ್ಕಳನ್ನು ಬೇರೆ ಮಾಡಿತು, ಕೊನೆಗೆ ಒಬ್ಬ ಇನ್ನೊಬ್ಬನ ತೋಳಲ್ಲಿ ಸತ್ತ. ನಾವು ಅಳುತ್ತೇವೆ. ಆದರೆ ಅವರಿಬ್ಬರೂ ಯಾವ ವಿಷಯಕ್ಕೆ ಬೇರೆಯಾದರು ಎಂದು ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಆ ಉತ್ತರವನ್ನು ಕೊಡುವ ಒಂದು ಸಿನಿಮಾವನ್ನು ಇಲ್ಲಿ ಬಿಡಿಸಿ ನೋಡುತ್ತೇನೆ. ಕೆನ್ ಲೋಚ್ ನಿರ್ದೇಶಿಸಿದ, ಪಾಲ್ ಲ್ಯಾವರ್ಟಿ ಬರೆದ ‘ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ’. 2006ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ಪಾಮ್ ಡೋರ್ ಪಡೆದ ಚಿತ್ರ. ಕತೆಯ ಕೊನೆಯನ್ನೂ ಸೇರಿಸಿ ಹೇಳಲಿದ್ದೇನೆ. ಕೊನೆ ಹೇಳದೆ ಈ ಪ್ರಕರಣವನ್ನು ಚರ್ಚಿಸಲು ಆಗುವುದಿಲ್ಲ.

ಅಣ್ಣ, ತಮ್ಮ, ಊರು

1920. ಐರ್ಲೆಂಡಿನ ದಕ್ಷಿಣದ ಕಾರ್ಕ್ ಪ್ರಾಂತ್ಯ. ಬ್ರಿಟಿಷರ ವಿರುದ್ಧ ಗೆರಿಲ್ಲಾ ಯುದ್ಧ ಜೋರಾಗಿದೆ. ಟೆಡ್ಡಿ ಓಡೊನೊವನ್ ಊರಿನ ಹುಡುಗರ ದಳದ ನಾಯಕ. ತಮ್ಮ ಡೇಮಿಯನ್ ವೈದ್ಯಕೀಯ ಓದಿದವನು, ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೊರಟಿದ್ದಾನೆ. ಟೆಡ್ಡಿಯಾಗಿ ಪಾಡ್ರಿಕ್ ಡಿಲೇನಿ, ಡೇಮಿಯನ್ ಆಗಿ ಕಿಲಿಯನ್ ಮರ್ಫಿ ನಟಿಸಿದ್ದಾರೆ. ಮರ್ಫಿ ಕಾರ್ಕ್ ಮಣ್ಣಿನವರೇ, ಮಾತಿನ ಧಾಟಿಯಲ್ಲಿ ಅದು ಕೇಳಿಸುತ್ತದೆ.

ಮೊದಲ ದೃಶ್ಯ ಹರ್ಲಿಂಗ್ ಎಂಬ, ಕೋಲು ಚೆಂಡಿನ ಐರಿಷ್ ಆಟ. ಬ್ರಿಟಿಷರು ಗುಂಪು ಸೇರುವುದನ್ನು ನಿಷೇಧಿಸಿದ್ದರು, ಆದ್ದರಿಂದ ಆಟವಾಡಿದ್ದೂ ಅಪರಾಧ. ಆಟ ಮುಗಿಸಿ ಬಂದವರನ್ನು ಬ್ಲ್ಯಾಕ್ ಅಂಡ್ ಟ್ಯಾನ್ಸ್ ಎಂಬ ಬ್ರಿಟಿಷರ ಪೊಲೀಸ್ ಪಡೆ ಗೋಡೆಗೆ ನಿಲ್ಲಿಸುತ್ತದೆ. ಮೀಹಾಲ್ ಎಂಬ ಹದಿಹರೆಯದ ಹುಡುಗ ತನ್ನ ಹೆಸರನ್ನು ಐರಿಷ್ ಭಾಷೆಯಲ್ಲಿ ಮಾತ್ರ ಹೇಳುತ್ತಾನೆ. ಅಷ್ಟಕ್ಕೇ ಅವನನ್ನು ಹೊಡೆದು ಕೊಲ್ಲುತ್ತಾರೆ.

ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ಈ ಹಂತದಲ್ಲೇ ನಾಯಕ ಬಂದೂಕು ಹಿಡಿಯುತ್ತಾನೆ. ಡೇಮಿಯನ್ ಹಿಡಿಯುವುದಿಲ್ಲ. ಬ್ರಿಟಿಷ್ ಸೈನ್ಯ ಎಷ್ಟು ದೊಡ್ಡದು, ನಾವೆಷ್ಟು ಜನ ಎಂದು ಲೆಕ್ಕ ಹೇಳಿ ಲಂಡನ್ನಿಗೆ ಹೊರಡುತ್ತಾನೆ. ಅವನ ಮನಸ್ಸು ತಿರುಗುವುದು ರೈಲು ನಿಲ್ದಾಣದಲ್ಲಿ. ಬ್ರಿಟಿಷ್ ಸೈನಿಕರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ರೈಲ್ವೆ ನೌಕರರು ಪಟ್ಟು ಹಿಡಿಯುತ್ತಾರೆ, ಪೆಟ್ಟು ತಿನ್ನುತ್ತಾರೆ, ಆದರೂ ಬಗ್ಗುವುದಿಲ್ಲ. ಇದು ಕಲ್ಪನೆಯಲ್ಲ. 1920ರಲ್ಲಿ ಐರಿಷ್ ರೈಲ್ವೆ ಕಾರ್ಮಿಕರು ತಿಂಗಳುಗಟ್ಟಲೆ ಹೀಗೆ ಬ್ರಿಟಿಷ್ ಸೈನಿಕರನ್ನೂ ಶಸ್ತ್ರಗಳನ್ನೂ ಸಾಗಿಸಲು ಒಪ್ಪಲಿಲ್ಲ. ಚಿತ್ರದಲ್ಲಿ ಪೆಟ್ಟು ತಿಂದ ಎಂಜಿನ್ ಚಾಲಕ ಡ್ಯಾನ್ ಮುಂದೆ ಡೇಮಿಯನ್‌ನ ಗೆಳೆಯನಾಗುತ್ತಾನೆ.

ಈ ಸಣ್ಣ ವ್ಯತ್ಯಾಸವನ್ನು ಗಮನಿಸಬೇಕು. ಟೆಡ್ಡಿ ಹೋರಾಟಕ್ಕೆ ಬಂದದ್ದು ಸಿಪಾಯಿಯ ದಾರಿಯಿಂದ. ದಳ, ಬಂದೂಕು, ಅಡಗುತಾಣ, ಶಿಸ್ತು, ಇವು ಅವನ ಲೋಕ. ಡೇಮಿಯನ್ ಬಂದದ್ದು ಕೆಲಸಗಾರರ ಹಟ ನೋಡಿ. ಇಬ್ಬರೂ ಒಂದೇ ಪ್ರತಿಜ್ಞೆ ಮಾಡಿದರು, ಆದರೆ ಅವರ ಮನಸ್ಸಿನಲ್ಲಿದ್ದ ಐರ್ಲೆಂಡ್ ಮೊದಲ ದಿನದಿಂದಲೇ ಬೇರೆ ಬೇರೆ. ಆಗ ಅದು ಇಬ್ಬರಿಗೂ ಗೊತ್ತಿರಲಿಲ್ಲ ಅಷ್ಟೇ.

ಕ್ರಿಸ್ ರೈಲಿಯ ಸಾವು

ದಳ ಸಿಕ್ಕಿಬೀಳುತ್ತದೆ. ಸೆರೆಯಲ್ಲಿ ಟೆಡ್ಡಿಯ ಉಗುರುಗಳನ್ನು ಇಕ್ಕಳದಿಂದ ಕೀಳುತ್ತಾರೆ. ಅವನು ಯಾರ ಹೆಸರನ್ನೂ ಹೇಳುವುದಿಲ್ಲ. ಪಕ್ಕದ ಕೋಣೆಯಿಂದ ಉಳಿದವರು ಅವನಿಗಾಗಿ ಹಾಡುತ್ತಾರೆ. ಈ ದೃಶ್ಯವನ್ನು ಮರೆಯಬಾರದು. ಮುಂದೆ ಟೆಡ್ಡಿ ಬೇರೆ ಸಮವಸ್ತ್ರ ಹಾಕಿಕೊಂಡಾಗ ಅವನನ್ನು ಹೇಡಿ, ಮಾರಿಕೊಂಡವನು ಎಂದು ಸುಲಭವಾಗಿ ಬೈಯಲು ನಮಗೆ ಆಗಬಾರದು. ಅದಕ್ಕಾಗಿಯೇ ಈ ದೃಶ್ಯ ಇಲ್ಲಿದೆ.

ಐರಿಷ್ ಮೂಲದ ಒಬ್ಬ ಸೈನಿಕನ ಸಹಾಯದಿಂದ ಅವರು ತಪ್ಪಿಸಿಕೊಳ್ಳುತ್ತಾರೆ. ಸುಳಿವು ಕೊಟ್ಟವನು ಕ್ರಿಸ್ ರೈಲಿ ಎಂದು ಆಮೇಲೆ ತಿಳಿಯುತ್ತದೆ. ಅವನು ಇವರ ಜೊತೆಗೇ ಬೆಳೆದ ಹುಡುಗ. ಜಮೀನ್ದಾರ ಸರ್ ಜಾನ್ ಹ್ಯಾಮಿಲ್ಟನ್ ಬಳಿ ಕೂಲಿ. ಜಮೀನ್ದಾರನೂ ಅಧಿಕಾರಿಗಳೂ ಹೆದರಿಸಿ ಬಾಯಿ ಬಿಡಿಸಿದ್ದಾರೆ. ಕ್ರಿಸ್‌ನನ್ನೂ ಜಮೀನ್ದಾರನನ್ನೂ ಕೊಲ್ಲಬೇಕೆಂದು ಮೇಲಿನಿಂದ ಆದೇಶ ಬರುತ್ತದೆ. ಕ್ರಿಸ್‌ಗೆ ಗುಂಡು ಹೊಡೆಯುವವನು ಡೇಮಿಯನ್.

ತಾಯಿಗೆ ಪತ್ರ ಬರೆದಿದ್ದೀಯಾ ಎಂದು ಕೇಳಿದರೆ ಅವಳಿಗೆ ಓದಲು ಬರುವುದಿಲ್ಲ ಎನ್ನುತ್ತಾನೆ ಕ್ರಿಸ್. ತನ್ನನ್ನು ಜಮೀನ್ದಾರನ ಪಕ್ಕದಲ್ಲಿ ಹೂಳಬೇಡಿ ಎಂದಷ್ಟೇ ಕೇಳಿಕೊಳ್ಳುತ್ತಾನೆ. ಐದು ವರ್ಷ ಅಂಗರಚನೆ ಓದಿದವನು ಈಗ ಈ ಹುಡುಗನಿಗೆ ಗುಂಡು ಹೊಡೆಯಬೇಕು, ನಾವು ಹೋರಾಡುತ್ತಿರುವ ಐರ್ಲೆಂಡ್ ಇದಕ್ಕೆ ತಕ್ಕುದಾಗಿದ್ದರೆ ಸಾಕು ಎಂದು ಡ್ಯಾನ್ ಎದುರು ಡೇಮಿಯನ್ ಹೇಳಿಕೊಳ್ಳುತ್ತಾನೆ. ಆಮೇಲೆ ಕ್ರಿಸ್‌ನ ತಾಯಿಗೆ ಸುದ್ದಿ ಮುಟ್ಟಿಸಲು ತಾನೇ ಹೋಗುತ್ತಾನೆ. ಅವಳು ಮಾತಾಡದೆ ಅವನ ಜೊತೆ ಗಂಟೆಗಟ್ಟಲೆ ನಡೆದು ಗೋರಿಯವರೆಗೆ ಬರುತ್ತಾಳೆ. ಕೊನೆಗೆ, ಇನ್ನು ನಿನ್ನ ಮುಖ ತೋರಿಸಬೇಡ ಎನ್ನುತ್ತಾಳೆ. ಈ ಭಾಗವನ್ನು ಲೋಚ್ ತೆರೆಯ ಮೇಲೆ ತೋರಿಸುವುದಿಲ್ಲ. ಡೇಮಿಯನ್ ತನ್ನ ಪ್ರೇಯಸಿ ಶಿನೇಡ್‌ಗೆ ಹೇಳಿಕೊಳ್ಳುವಾಗ ನಾವು ಕೇಳಿಸಿಕೊಳ್ಳುತ್ತೇವೆ.

ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲಿದೆ. ಡೇಮಿಯನ್ ತೆತ್ತ ಬೆಲೆ ಅಷ್ಟು ದೊಡ್ಡದು. ಇನ್ನು ಅವನು ಅರ್ಧ ಸ್ವಾತಂತ್ರ್ಯಕ್ಕೆ ಒಪ್ಪುವಂತೆಯೇ ಇಲ್ಲ. ಒಪ್ಪಿದರೆ ಕ್ರಿಸ್‌ನನ್ನು ಕೊಂದದ್ದು ಬರೀ ಕೊಲೆಯಾಗಿ ಉಳಿಯುತ್ತದೆ. ಅವನ ಹಟಕ್ಕೆ ಆದರ್ಶ ಒಂದೇ ಕಾರಣವಲ್ಲ, ಈ ಸಾವೂ ಕಾರಣ. ಟೆಡ್ಡಿಯದು ಇದಕ್ಕೆ ಪೂರ್ತಿ ಎದುರು ಲೆಕ್ಕ. ಇಷ್ಟು ಜನ ಸತ್ತಿದ್ದಾರೆ, ಸಿಕ್ಕಿದ್ದನ್ನು ಹಿಡಿದುಕೊಂಡು ಇನ್ನಾದರೂ ನಿಲ್ಲಿಸೋಣ. ಒಂದೇ ನಷ್ಟವನ್ನು ನೋಡಿ ಇಬ್ಬರು ತಲುಪಿದ ಎರಡು ತೀರ್ಮಾನಗಳು ಇವು. ಎರಡನ್ನೂ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಸಿನಿಮಾ ನನ್ನನ್ನು ಹಿಡಿದಿಟ್ಟದ್ದು ಅದರಿಂದಲೇ.

ಒಡಕು ಮೊದಲು ಕಂಡದ್ದು ಕೋರ್ಟಿನಲ್ಲಿ

ಇನ್ನೂ ಬ್ರಿಟಿಷರ ಜೊತೆ ಯುದ್ಧ ನಡೆಯುತ್ತಿದೆ. ಒಪ್ಪಂದದ ಮಾತೇ ಹುಟ್ಟಿಲ್ಲ. ಆ ಕಾಲದಲ್ಲಿ ಐರಿಷ್ ಜನ ತಮ್ಮದೇ ಕೋರ್ಟುಗಳನ್ನು ನಡೆಸುತ್ತಿದ್ದರು. 1919ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಡಾಯ್ಲ್ ಎಂಬ ಜನಪ್ರತಿನಿಧಿ ಸಭೆಯ ಹೆಸರಿನಲ್ಲಿ ಈ ಕೋರ್ಟುಗಳು ಊರೂರಲ್ಲಿ ಕೂರುತ್ತಿದ್ದವು. ಬ್ರಿಟಿಷ್ ಕೋರ್ಟಿಗೆ ಜನ ಹೋಗುವುದೇ ಕಡಿಮೆಯಾಗಿತ್ತು.

ಅಂಥ ಒಂದು ಕೋರ್ಟಿನಲ್ಲಿ ಒಬ್ಬ ವರ್ತಕನ ವಿಚಾರಣೆ. ಬಡ ಮುದುಕಿಯೊಬ್ಬಳಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟಿದ್ದಾನೆ. ನ್ಯಾಯಾಧೀಶೆ ಒಬ್ಬ ಹೆಂಗಸು. ಅವಳು ಮುದುಕಿಯ ಪರ ತೀರ್ಪು ಕೊಟ್ಟು, ದುಡ್ಡು ಕಟ್ಟದ ವರ್ತಕನನ್ನು ಬಂಧಿಸಲು ಹೇಳುತ್ತಾಳೆ. ಟೆಡ್ಡಿ ಅಡ್ಡ ಬಂದು ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ. ಯಾಕೆಂದರೆ ದಳಕ್ಕೆ ಬಂದೂಕು ತರಿಸಲು ದುಡ್ಡು ಕೊಡುವವರಲ್ಲಿ ಈ ವರ್ತಕನೂ ಒಬ್ಬ.

ಜಗಳ ಶುರುವಾಗುತ್ತದೆ. ನಮ್ಮದೇ ಕೋರ್ಟಿನ ತೀರ್ಪನ್ನು ನಾವೇ ತುಳಿದರೆ ಬ್ರಿಟಿಷರಿಗೂ ನಮಗೂ ಏನು ವ್ಯತ್ಯಾಸ ಎನ್ನುವುದು ಒಂದು ಕಡೆಯವರ ಮಾತು. ಬಂದೂಕಿಲ್ಲದಿದ್ದರೆ ಕೋರ್ಟೇ ಇರುವುದಿಲ್ಲ ಎನ್ನುವುದು ಟೆಡ್ಡಿಯ ಮಾತು. ಡೇಮಿಯನ್ ಕೋರ್ಟಿನ ಕಡೆ ನಿಲ್ಲುತ್ತಾನೆ.

ಟೆಡ್ಡಿ ಇಲ್ಲಿ ಸುಮ್ನೆ ಹಟ ಮಾಡುತ್ತಿಲ್ಲ. ಬ್ರಿಟಿಷ್ ಪಡೆ ಶಿನೇಡ್‌ಳ ಮನೆಗೆ ನುಗ್ಗಿ, ಅವಳ ಕೂದಲು ಕತ್ತರಿಸಿ, ಮನೆಗೆ ಬೆಂಕಿ ಇಡುವ ದೃಶ್ಯವೂ ಚಿತ್ರದಲ್ಲಿದೆ. ಹುಡುಗರು ಗುಡ್ಡದ ಮರೆಯಲ್ಲಿ ಅವಿತು ನೋಡುತ್ತಿರುತ್ತಾರೆ. ಅವರ ಬಳಿ ಗುಂಡುಗಳೇ ಉಳಿದಿಲ್ಲ, ಏನೂ ಮಾಡಲಾಗುವುದಿಲ್ಲ. ಟೆಡ್ಡಿಯ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೂ ಆ ಮುದುಕಿಯ ಮುಖ ನೋಡಿದರೆ ಡೇಮಿಯನ್‌ನ ವಾದವೂ ಕರಗುವುದಿಲ್ಲ.

ಅಣ್ಣತಮ್ಮಂದಿರ ಒಡಕಿನ ಚಿತ್ರಗಳಲ್ಲಿ ಇಂಥ ದೃಶ್ಯ ತೀರಾ ಅಪರೂಪ. ಗಡಿ, ರಾಜ, ಬಾವುಟ ಯಾವುದೂ ಇಲ್ಲ. ಒಬ್ಬ ಮುದುಕಿಯ ಸಾಲದ ಬಡ್ಡಿ. ಬ್ರಿಟಿಷರು ಹೋದ ಮೇಲೆ ಈ ನಾಡಿನಲ್ಲಿ ಬಡವರ ಗತಿ ಏನು ಎಂಬ ಪ್ರಶ್ನೆ ಹೊರಬಿದ್ದಿತು, ಅಣ್ಣತಮ್ಮಂದಿರು ಎರಡು ಕಡೆ ನಿಂತರು. ಅಂತರ್ಯುದ್ಧ ಬಂದದ್ದು ಆಮೇಲೆ.

ಒಪ್ಪಂದದ ಸುದ್ದಿ

1921ರ ಜುಲೈನಲ್ಲಿ ಕದನವಿರಾಮ. ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಒಪ್ಪಂದಕ್ಕೆ ಸಹಿ. ಚಿತ್ರದಲ್ಲಿ ಊರಿನವರಿಗೆ ಈ ಸುದ್ದಿ ತಿಳಿಯುವುದು ಸಿನಿಮಾ ಟಾಕೀಸಿನಲ್ಲಿ, ಮೂಕಿ ವಾರ್ತಾಚಿತ್ರದ ಮೂಲಕ. ಮೊದಲು ಚಪ್ಪಾಳೆ, ಕೇಕೆ. ಒಂದೊಂದೇ ಷರತ್ತು ತೆರೆಯ ಮೇಲೆ ಬಂದಂತೆ ಸದ್ದು ಇಳಿಯುತ್ತದೆ. ಐರ್ಲೆಂಡ್ ಬ್ರಿಟಿಷ್ ಸಾಮ್ರಾಜ್ಯದೊಳಗಿನ ‘ಫ್ರೀ ಸ್ಟೇಟ್’ ಆಗುತ್ತದೆ. ಸಭೆಯ ಸದಸ್ಯರು ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಉತ್ತರದ ಆರು ಕೌಂಟಿಗಳು ಹೊರಗೇ ಉಳಿಯಬಹುದು.

ಡಬ್ಲಿನ್‌ನ ಸಭೆಯಲ್ಲಿ 1922ರ ಜನವರಿ 7ರಂದು ಮತ ಹಾಕಿದಾಗ ಪರ 64, ವಿರೋಧ 57. ಏಳೇ ಮತಗಳ ಅಂತರ. ಒಪ್ಪದಿದ್ದರೆ ಘೋರ ಯುದ್ಧ ಎಂದು ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ಬೆದರಿಸಿದ್ದರು. ಆ ಬೆದರಿಕೆ ನಿಜವೋ ಬರೀ ಮಾತೋ ಎಂಬುದರ ಮೇಲೆಯೇ ಅರ್ಧ ಜಗಳ. ಲಂಡನ್ನಿನಲ್ಲಿ ಸಹಿ ಹಾಕಿದವರಲ್ಲಿ ಒಬ್ಬರಾದ ಹೋರಾಟದ ನಾಯಕ ಮೈಕೆಲ್ ಕಾಲಿನ್ಸ್ ಒಪ್ಪಂದದ ಪರ, ಡಾಯ್ಲ್ ಸರ್ಕಾರದ ಅಧ್ಯಕ್ಷ ಎಮನ್ ಡಿ ವೆಲೆರಾ ವಿರುದ್ಧ. ನಮಗೆ ಇಂದು ವಿಚಿತ್ರ ಅನ್ನಿಸುವ ಸಂಗತಿ ಎಂದರೆ, ಆ ಚರ್ಚೆಯಲ್ಲಿ ದೇಶ ಒಡೆದದ್ದಕ್ಕಿಂತ ರಾಜನ ಪ್ರಮಾಣದ ಮಾತೇ ಜಾಸ್ತಿ ನಡೆಯಿತು. ದೇಶ ವಿಭಜನೆಯ ಗಾಯ ಕಂಡ ನಾಡಿನಿಂದ ಬಂದ ನಾವು ಅದನ್ನು ಗಮನಿಸದೆ ಇರಲಾರೆವು, ಅಲ್ವಾ?

ಲೋಚ್ ಆ ಚರ್ಚೆಯನ್ನು ಊರಿನ ಒಂದು ಕೋಣೆಗೆ ತರುತ್ತಾರೆ. ಒಟ್ಟಿಗೆ ಗುಂಡು ಹಾರಿಸಿದವರು ಎದ್ದು ನಿಂತು ಮಾತಾಡುತ್ತಾರೆ, ತಡೆಯುತ್ತಾರೆ, ಕೂಗುತ್ತಾರೆ. ಲೋಚ್ ಅವರ ಚಿತ್ರೀಕರಣದ ಪದ್ಧತಿ ಇಲ್ಲಿ ಕೆಲಸಕ್ಕೆ ಬಂದಿದೆ. ಅವರು ಕತೆಯ ಕ್ರಮದಲ್ಲೇ ದೃಶ್ಯಗಳನ್ನು ಚಿತ್ರೀಕರಿಸುತ್ತಾರೆ. ಮುಂದೇನಾಗುತ್ತದೆ ಎಂದು ನಟರಿಗೆ ಮೊದಲೇ ಪೂರ್ತಿ ಹೇಳುವುದಿಲ್ಲ. ವಾರಗಟ್ಟಲೆ ಒಂದೇ ದಳವಾಗಿ ಬೆಟ್ಟ ಹತ್ತಿ ಇಳಿದವರು ಆ ಕೋಣೆಯಲ್ಲಿ ಎದುರುಬದುರಾದಾಗ ಮುಖದ ಮೇಲಿನ ಸಿಟ್ಟು ಬಾಯಿಪಾಠದ್ದು ಅನ್ನಿಸುವುದಿಲ್ಲ. ಕೆಲವು ವಿಮರ್ಶಕರು ಈ ದೃಶ್ಯವನ್ನು ಭಾಷಣದಂತಿದೆ ಎಂದು ದೂರುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ದೇಶ ಹುಟ್ಟುವ ಹೊತ್ತಿನಲ್ಲಿ ಜನ ನಿಜವಾಗಿಯೂ ಹೀಗೇ ಗಂಟೆಗಟ್ಟಲೆ ವಾದ ಮಾಡಿದ್ದಾರೆ. ಯುದ್ಧದ ಸಿನಿಮಾದಲ್ಲಿ ವಾದಕ್ಕೆ ಜಾಗವಿಲ್ಲ ಎಂದರೆ ಆಮೇಲೆ ಬೀಳುವ ಗುಂಡು ಯಾಕೆ ಬಿತ್ತು ಎಂದು ತಿಳಿಯುವುದು ಹೇಗೆ?

ಅಣ್ಣನ ಆದೇಶ

1922ರ ಜೂನ್ 28. ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಕೂತಿದ್ದ ಒಪ್ಪಂದ ವಿರೋಧಿಗಳ ಮೇಲೆ ಫ್ರೀ ಸ್ಟೇಟ್ ಸೈನ್ಯ ಫಿರಂಗಿ ಹಾರಿಸಿತು. ಆ ಫಿರಂಗಿಗಳನ್ನು ಕೊಟ್ಟವರು ಬ್ರಿಟಿಷರು. ಅಂತರ್ಯುದ್ಧ ಶುರುವಾಯಿತು.

ಚಿತ್ರದಲ್ಲಿ ಟೆಡ್ಡಿ ಈಗ ಫ್ರೀ ಸ್ಟೇಟ್ ಸಮವಸ್ತ್ರದಲ್ಲಿದ್ದಾನೆ. ಡೇಮಿಯನ್ ಮತ್ತೆ ಬೆಟ್ಟ ಸೇರಿದ್ದಾನೆ. ಶಸ್ತ್ರಕ್ಕಾಗಿ ಬ್ಯಾರಕ್ ಮೇಲೆ ನಡೆಸಿದ ದಾಳಿಯಲ್ಲಿ ಡ್ಯಾನ್ ಸಾಯುತ್ತಾನೆ, ಡೇಮಿಯನ್ ಸಿಕ್ಕಿಬೀಳುತ್ತಾನೆ. ಹಿಂದೆ ಬ್ರಿಟಿಷರು ಅವನನ್ನು ಕೂಡಿಹಾಕಿದ್ದ ಕೋಣೆಯಲ್ಲೇ ಈಗ ಐರಿಷ್ ಸೈನ್ಯ ಅವನನ್ನು ಕೂಡಿಹಾಕುತ್ತದೆ.

ಟೆಡ್ಡಿ ಒಳಗೆ ಬರುತ್ತಾನೆ. ಗದರುವುದಿಲ್ಲ, ಬೇಡಿಕೊಳ್ಳುತ್ತಾನೆ. ಕದ್ದ ಬಂದೂಕುಗಳು ಎಲ್ಲಿವೆ ಹೇಳು, ಕ್ಷಮಾದಾನ ಸಿಗುತ್ತದೆ, ಮನೆಗೆ ಹೋಗು, ಶಿನೇಡ್ ಜೊತೆ ಬಾಳು. ಅವನು ಕೇಳುವುದು ಇಷ್ಟೇ. ಆದರೆ ಡೇಮಿಯನ್‌ಗೆ ಅದು ಇಷ್ಟೇ ಅಲ್ಲ. ಸುಳಿವು ಕೊಟ್ಟದ್ದಕ್ಕೆ ತಾನೇ ಕ್ರಿಸ್ ರೈಲಿಯನ್ನು ಕೊಂದವನು. ಈಗ ತಾನು ಸುಳಿವು ಕೊಡುವುದು ಹೇಗೆ? ಅವನು ನೆನಪಿಸುವುದು ಕ್ರಿಸ್‌ನ ಹೆಸರನ್ನೇ. ಟೆಡ್ಡಿ ಅಳುತ್ತಾ ಹೊರಗೆ ಹೋಗುತ್ತಾನೆ.

ಬೆಳಗಿನ ಜಾವ ಗುಂಡಿಕ್ಕುವ ತುಕಡಿಗೆ ಆದೇಶ ಕೊಡುವವನು ಟೆಡ್ಡಿಯೇ.

ಕರ್ಣ–ಅರ್ಜುನರ ಕತೆ ಕೇಳಿ ಬೆಳೆದವರಿಗೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಎದುರಿಗಿರುವವನು ತನ್ನ ಅಣ್ಣ ಎಂದು ಅರ್ಜುನನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಟೆಡ್ಡಿಗೆ ಎಲ್ಲವೂ ಗೊತ್ತು. ಗೊತ್ತಿದ್ದೂ, ಪ್ರೀತಿ ಒಂದಿಷ್ಟೂ ಕಡಿಮೆಯಾಗದೆ, ಕೈ ಮೇಲೆತ್ತುತ್ತಾನೆ. ದ್ವೇಷ ಇದ್ದಿದ್ದರೆ ನೋಡುವವರಿಗೆ ಸ್ವಲ್ಪ ಸುಲಭವಾಗುತ್ತಿತ್ತು. ಡೇಮಿಯನ್ ಶಿನೇಡ್‌ಗೆ ಬರೆದ ಕೊನೆಯ ಪತ್ರದಲ್ಲಿ ಟೆಡ್ಡಿಯನ್ನು ನೋಡಿಕೋ ಎಂದು ಕೇಳಿಕೊಳ್ಳುತ್ತಾನೆ. ತನ್ನನ್ನು ಕೊಲ್ಲಲಿರುವ ಅಣ್ಣನನ್ನು. ಆ ಪತ್ರವನ್ನು ತಲುಪಿಸುವವನೂ ಟೆಡ್ಡಿಯೇ. ಶಿನೇಡ್ ಅವನನ್ನು ಹೊಡೆದು, ನನ್ನ ನೆಲದಿಂದ ತೊಲಗು ಎನ್ನುತ್ತಾಳೆ. ಕ್ರಿಸ್‌ನ ತಾಯಿ ಡೇಮಿಯನ್‌ನನ್ನು ದೂರ ಮಾಡಿದಂತೆಯೇ ಈಗ ಟೆಡ್ಡಿಗೂ ಆಗುತ್ತದೆ. ಇಬ್ಬರೂ ಒಂದೊಂದು ಸಾವಿನ ಸುದ್ದಿ ಹೊತ್ತು ಒಬ್ಬೊಬ್ಬ ಹೆಂಗಸಿನ ಮನೆಬಾಗಿಲಿಗೆ ಹೋದವರು. ಅಷ್ಟರ ಮಟ್ಟಿಗೆ ಅವರು ಕೊನೆಯವರೆಗೂ ಒಂದೇ ದಾರಿಯಲ್ಲಿದ್ದರು.

ನಿಜವಾದ ಅಣ್ಣತಮ್ಮಂದಿರು: ಹೇಲ್ಸ್ ಕುಟುಂಬ

ಟೆಡ್ಡಿ, ಡೇಮಿಯನ್ ಕಲ್ಪಿತರು. ಆದರೆ ಚಿತ್ರ ನಡೆಯುವ ಆ ಪಶ್ಚಿಮ ಕಾರ್ಕ್‌ನಲ್ಲೇ, ಬ್ಯಾಂಡನ್ ಊರಿನ ಹತ್ತಿರ, ಹೇಲ್ಸ್ ಎಂಬ ರೈತ ಕುಟುಂಬವಿತ್ತು. ಅಣ್ಣ ಶಾನ್ ಹೇಲ್ಸ್, ತಮ್ಮ ಟಾಮ್ ಹೇಲ್ಸ್. ಇಬ್ಬರೂ ಬ್ರಿಟಿಷರ ವಿರುದ್ಧ ಹೋರಾಡಿದ ಹೆಸರಾಂತ ನಾಯಕರು.

1920ರ ಜುಲೈನಲ್ಲಿ ಟಾಮ್ ಮತ್ತು ಅವರ ಸಂಗಾತಿ ಪ್ಯಾಟ್ ಹಾರ್ಟ್ ಬ್ರಿಟಿಷ್ ಸೈನ್ಯದ ಎಸೆಕ್ಸ್ ರೆಜಿಮೆಂಟ್‌ಗೆ ಸಿಕ್ಕಿಬಿದ್ದರು. ಇಕ್ಕಳ ಬಳಸಿ ಹಿಂಸೆ ಕೊಟ್ಟರು. ಹಾರ್ಟ್ ಅವರ ಮನಸ್ಸು ಮತ್ತೆ ಸರಿಹೋಗಲೇ ಇಲ್ಲ, 1925ರಲ್ಲಿ ತೀರಿಕೊಂಡರು. ಟಾಮ್ ಇಂಗ್ಲೆಂಡಿನ ಜೈಲು ಸೇರಿದರು. ಅವರನ್ನು ಹಿಡಿದ ಅಧಿಕಾರಿ ಆರ್ಥರ್ ಪರ್ಸಿವಲ್. ಆ ಹೆಸರು ನಮ್ಮ ಚರಿತ್ರೆಯಲ್ಲೂ ಬರುತ್ತದೆ. 1942ರ ಫೆಬ್ರವರಿಯಲ್ಲಿ ಸಿಂಗಾಪುರವನ್ನು ಜಪಾನಿಗೆ ಒಪ್ಪಿಸಿದ ಸೇನಾಧಿಪತಿ ಇದೇ ಪರ್ಸಿವಲ್. ಅಂದು ಸೆರೆಯಾದವರಲ್ಲಿ ಸಾವಿರಾರು ಭಾರತೀಯ ಸಿಪಾಯಿಗಳಿದ್ದರು, ಅವರಲ್ಲಿ ಬಹಳ ಮಂದಿ ಮುಂದೆ ಆಜಾದ್ ಹಿಂದ್ ಫೌಜ್ ಸೇರಿದರು.

ಇತ್ತ ಶಾನ್ ಬ್ರಿಟಿಷರ ವಿರುದ್ಧ ಹೋರಾಟ ಮುಂದುವರಿಸಿದರು. 1921ರ ಜೂನ್‌ನಲ್ಲಿ ಲಾರ್ಡ್ ಬ್ಯಾಂಡನ್ ಅವರ ಕೋಟೆಮನೆ ಸುಟ್ಟು, ಅವರನ್ನು ಒತ್ತೆಯಾಳಾಗಿ ಹಿಡಿದದ್ದು ಶಾನ್ ತಂಡವೇ. ಅಷ್ಟಾದ ಮೇಲೆ ಒಪ್ಪಂದ ಬಂತು. ಶಾನ್ ಡಾಯ್ಲ್ ಸದಸ್ಯರಾಗಿ ಒಪ್ಪಂದದ ಪರ ಮತ ಹಾಕಿದರು. ಟಾಮ್ ವಿರುದ್ಧ ನಿಂತರು.

1922ರ ಆಗಸ್ಟ್ 22ರಂದು ಕಾಲಿನ್ಸ್ ತಮ್ಮ ಹುಟ್ಟೂರ ಕಡೆಗೆ ಪ್ರವಾಸ ಬಂದರು. ಬ್ಯಾಂಡನ್‌ನಲ್ಲಿ ಶಾನ್ ಅವರನ್ನು ಕಂಡರು. ಅದೇ ಸಂಜೆ ಬೇಲ್ ನ ಬ್ಲಾ ಎಂಬಲ್ಲಿ ಹೊಂಚುದಾಳಿಯಲ್ಲಿ ಕಾಲಿನ್ಸ್ ಸತ್ತರು. ಹೊಂಚು ಹಾಕಿದ ತಂಡದ ನಾಯಕ ಟಾಮ್ ಹೇಲ್ಸ್. ಅಣ್ಣ ಬರಮಾಡಿಕೊಂಡ ವ್ಯಕ್ತಿಯನ್ನು ತಮ್ಮನ ತಂಡ ಕೊಂದಿತು. ಒಂದೇ ದಿನ.

ಡಿಸೆಂಬರ್ 7ರಂದು ಡಬ್ಲಿನ್‌ನಲ್ಲಿ ಒಪ್ಪಂದ ವಿರೋಧಿಗಳು ಶಾನ್ ಅವರನ್ನು ಗುಂಡಿಟ್ಟು ಕೊಂದರು. ಅದಕ್ಕೆ ಪ್ರತೀಕಾರವಾಗಿ ಸರ್ಕಾರ ಮರುದಿನ ಬೆಳಿಗ್ಗೆಯೇ ಜೈಲಿನಲ್ಲಿದ್ದ ನಾಲ್ವರನ್ನು ವಿಚಾರಣೆ ಇಲ್ಲದೆ ಗುಂಡಿಕ್ಕಿತು. ಆ ನಾಲ್ವರು ಫೋರ್ ಕೋರ್ಟ್ಸ್ ಬಿದ್ದಾಗಿನಿಂದ ಸೆರೆಯಲ್ಲಿದ್ದವರು. ಶಾನ್ ಸಾವಿನಲ್ಲಿ ಅವರ ಕೈ ಇರಲು ಸಾಧ್ಯವೇ ಇರಲಿಲ್ಲ. ಅವರಲ್ಲಿ ಡಿಕ್ ಬ್ಯಾರೆಟ್ ಪಶ್ಚಿಮ ಕಾರ್ಕ್‌ನವರೇ, ಹೇಲ್ಸ್ ಸಹೋದರರ ಹೋರಾಟದ ಪ್ರದೇಶದವರು. ಇನ್ನೊಬ್ಬರು ರೋರಿ ಓಕಾನರ್. ಆ ಸರ್ಕಾರದ ಸಚಿವ ಕೆವಿನ್ ಓಹಿಗಿನ್ಸ್ ಅವರ ಮದುವೆಯಲ್ಲಿ ಮದುಮಗನ ಪಕ್ಕ ಆಪ್ತ ಗೆಳೆಯನಾಗಿ ನಿಂತವರು ಇದೇ ಓಕಾನರ್. ಮದುವೆಯಾಗಿ ಒಂದೂ ಚಿಲ್ಲರೆ ವರ್ಷವಷ್ಟೇ ಆಗಿತ್ತು. ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಫ್ರೀ ಸ್ಟೇಟ್ ಸರ್ಕಾರ ಹೀಗೆ ಗುಂಡಿಕ್ಕಿಸಿದವರ ಲೆಕ್ಕ 77 ಎಂದು ಐರಿಷ್ ನೆನಪಿನಲ್ಲಿ ಅಚ್ಚಾಗಿದೆ. ಹಿಂದಿನ ಯುದ್ಧದಲ್ಲಿ ಬ್ರಿಟಿಷರು ಮರಣದಂಡನೆ ಕೊಟ್ಟವರಿಗಿಂತ ಇದು ಜಾಸ್ತಿ. ಚಿತ್ರದ ಕೊನೆಯ ಗುಂಡಿಗೆ ಚರಿತ್ರೆಯ ಆಧಾರ ಇದು.

ಚಿತ್ರವನ್ನೂ ಈ ಕುಟುಂಬವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಆಯ್ಕೆ ಎದ್ದು ಕಾಣುತ್ತದೆ. ನಿಜದಲ್ಲಿ ಇಕ್ಕಳದ ಹಿಂಸೆ ಅನುಭವಿಸಿದವರು ಒಪ್ಪಂದ ವಿರೋಧಿಯಾದ ಟಾಮ್. ಚಿತ್ರದಲ್ಲಿ ಅದೇ ಹಿಂಸೆ ಒಪ್ಪಂದದ ಪರ ನಿಲ್ಲುವ ಟೆಡ್ಡಿಗೆ ಆಗುತ್ತದೆ. ನಿಜದಲ್ಲಿ ಸತ್ತವರು ಒಪ್ಪಂದದ ಪರ ಇದ್ದ ಅಣ್ಣ. ಚಿತ್ರದಲ್ಲಿ ಸಾಯುವವನು ವಿರೋಧಿಯಾದ ತಮ್ಮ. ಮೊದಲನೆಯ ಬದಲಾವಣೆ ಚಿತ್ರಕ್ಕೆ ಬಲ ತಂದಿದೆ. ಎಲ್ಲರಿಗಿಂತ ಹೆಚ್ಚು ನೋವು ತಿಂದವನೇ ಸಾಕು ಎನ್ನುತ್ತಾನೆ, ಅವನ ಮಾತನ್ನು ತಳ್ಳಿಹಾಕುವುದು ಕಷ್ಟ. ಎರಡನೆಯದರ ಬಗ್ಗೆ ನನಗೆ ತಕರಾರಿದೆ.

ಟೆಡ್ಡಿಗೆ ಸಿಗದ ಮಾತು

ಡೇಮಿಯನ್ ಸಾಯುತ್ತಾನೆ, ಆದ್ದರಿಂದ ಕೊನೆಯ ಮಾತು ಅವನದೇ. ಪತ್ರ ಅವನದು. ಪತ್ರದಲ್ಲಿ ಡ್ಯಾನ್‌ನ ಮಾತು ಇದೆ. ಯಾವುದರ ವಿರುದ್ಧ ಇದ್ದೇವೆ ಎಂದು ತಿಳಿಯುವುದು ಸುಲಭ, ಯಾವುದರ ಪರ ಎಂದು ತಿಳಿಯುವುದು ಬೇರೆಯೇ ವಿಷಯ ಎಂಬರ್ಥದ ಮಾತು. ಟೆಡ್ಡಿಗೆ ಕೊನೆಗೆ ಉಳಿಯುವುದು ಸಮವಸ್ತ್ರ ಮತ್ತು ಕಣ್ಣೀರು. ಒಪ್ಪಂದದ ಪರ ಇದ್ದವರ ಬಳಿ ಗಟ್ಟಿ ವಾದಗಳಿದ್ದವು. ಮತ್ತೆ ಯುದ್ಧ ಮಾಡಲು ಮದ್ದುಗುಂಡು ಎಲ್ಲಿದೆ ಎಂದು ಅವರು ಕೇಳಿದರು. ಇದು ಪೂರ್ಣ ಸ್ವಾತಂತ್ರ್ಯವಲ್ಲ, ಅದನ್ನು ಪಡೆಯಲು ಸಿಕ್ಕ ಸ್ವಾತಂತ್ರ್ಯ ಎಂಬುದು ಕಾಲಿನ್ಸ್ ವಾದ. 1922ರ ಜೂನ್ ಚುನಾವಣೆಯಲ್ಲಿ ಒಪ್ಪಂದವನ್ನು ಒಪ್ಪಿದವರಿಗೇ ಬಹುಪಾಲು ಮತ ಬಿದ್ದಿತು. ಮುಂದಿನ ವರ್ಷಗಳಲ್ಲಿ ಡಿ ವೆಲೆರಾ ಅವರೇ ಆ ಒಪ್ಪಂದದ ಚೌಕಟ್ಟಿನೊಳಗೆ ಅಧಿಕಾರಕ್ಕೆ ಬಂದು, ರಾಜನ ಪ್ರಮಾಣವನ್ನು ತೆಗೆದುಹಾಕಿದರು. ಇದರಲ್ಲಿ ಬಹಳಷ್ಟು ಚಿತ್ರದ ಕಾಲಕ್ಕೆ ಆಚೆಯದು, ನಿಜ. ಆದರೆ ಮದ್ದುಗುಂಡಿನ ಮಾತೂ ಮತದಾರರ ಮಾತೂ ಟೆಡ್ಡಿಯ ಬಾಯಲ್ಲಿ ಇನ್ನಷ್ಟು ಬಲವಾಗಿ ಬರಬಹುದಿತ್ತು. ಲೋಚ್ ಅವರ ಮನಸ್ಸು ಡ್ಯಾನ್ ಮತ್ತು ಡೇಮಿಯನ್ ಕಡೆ ವಾಲಿದೆ, ಅವರು ಅದನ್ನು ಮುಚ್ಚಿಡುವವರೂ ಅಲ್ಲ. ನನ್ನ ಮನಸ್ಸೂ ಕೋರ್ಟಿನ ಆ ದೃಶ್ಯದಿಂದ ಅವರ ಕಡೆಗೇ ಇದೆ. ಆದರೂ ಟೆಡ್ಡಿಗೆ ಇನ್ನೊಂದು ದೃಶ್ಯ ಕೊಡಬೇಕಿತ್ತು.

ಹೋಲಿಕೆಗೆ 2004ರ ಕೊರಿಯಾದ ‘ತೇಗುಕ್ಗಿ’ ನೋಡಬಹುದು. ಕಾಂಗ್ ಜೆ-ಗ್ಯೂ ನಿರ್ದೇಶನ. ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದ ಚಿತ್ರ. ಅಲ್ಲೂ ಅಣ್ಣ ಗಡಿ ದಾಟಿ ಎದುರು ಪಕ್ಷ ಸೇರುತ್ತಾನೆ. ಆದರೆ ಅವನು ಸೇರುವುದು ತಮ್ಮ ಸತ್ತನೆಂದು ನಂಬಿ, ಸಿಟ್ಟಿನಿಂದ. ಉತ್ತರ ಕೊರಿಯಾದ ವಿಚಾರ ಒಪ್ಪಿ ಅಲ್ಲ. ತಮ್ಮ ಬದುಕಿದ್ದಾನೆ ಎಂದು ತಿಳಿದ ಕೂಡಲೇ ಅವನಿಗೆ ಪಕ್ಷವೇ ಇರುವುದಿಲ್ಲ, ತಮ್ಮನಷ್ಟೇ ಇರುತ್ತಾನೆ. ಅದು ಎದೆ ಹಿಂಡುವ ಚಿತ್ರ, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಇಂದಿಗೂ ಎರಡಾಗಿರುವ ದೇಶ ರಕ್ತಸಂಬಂಧದ ಕಡೆ ಕೈಚಾಚುವುದು ಸಹಜ. ಆದರೆ ಅಲ್ಲಿ ಅಣ್ಣತಮ್ಮಂದಿರ ನಡುವೆ ಜಗಳವಿಲ್ಲ, ತಪ್ಪು ತಿಳಿವಳಿಕೆ ಇದೆ. ತಪ್ಪು ತಿಳಿವಳಿಕೆಯನ್ನು ಒಂದು ಮಾತು ಬಿಡಿಸುತ್ತದೆ. ಟೆಡ್ಡಿ–ಡೇಮಿಯನ್ ನಡುವೆ ತಪ್ಪು ತಿಳಿವಳಿಕೆ ಒಂದಿಷ್ಟೂ ಇಲ್ಲ. ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಂಡಿದ್ದಾರೆ, ಹಾಗಾಗಿಯೇ ದಾರಿ ಉಳಿದಿಲ್ಲ.

ಐರ್ಲೆಂಡ್ 1923ರ ಮೇ ತಿಂಗಳಲ್ಲಿ ಬಂದೂಕು ಕೆಳಗಿಟ್ಟಿತು. ಆ ಎರಡು ಬಣಗಳಿಂದಲೇ ಎರಡು ಪಕ್ಷಗಳು ಬೆಳೆದವು, ಒಪ್ಪಂದ ವಿರೋಧಿಗಳಿಂದ ಫಿಯಾನಾ ಫಾಯ್ಲ್, ಪರ ಇದ್ದವರಿಂದ ಫಿನೆ ಗೇಲ್. ಇಬ್ಬರೂ ಸೇರಿ ಸಮ್ಮಿಶ್ರ ಸರ್ಕಾರ ಮಾಡಿದ್ದು 2020ರಲ್ಲಿ. ಅದೇ ಮೊದಲ ಸಲ.

ಬ್ಯಾಂಡನ್‌ನಲ್ಲಿ 1930ರಲ್ಲಿ ಶಾನ್ ಅವರ ಪ್ರತಿಮೆ ನಿಲ್ಲಿಸಿದರು. ಟಾಮ್ 1933ರಲ್ಲಿ ಫಿಯಾನಾ ಫಾಯ್ಲ್‌ನಿಂದ ಗೆದ್ದು, ಅಣ್ಣ ಕೂತಿದ್ದ ಡಾಯ್ಲ್‌ನಲ್ಲೇ ಸದಸ್ಯರಾಗಿ ಕೂತರು. 1966ರವರೆಗೂ ಬದುಕಿದ್ದರು. ಅಣ್ಣ ಸತ್ತ ಮೇಲೆ ನಲವತ್ತಮೂರು ವರ್ಷ. ಲೋಚ್ ಚಿತ್ರ ಟೆಡ್ಡಿಯನ್ನು ಶಿನೇಡ್‌ಳ ಅಂಗಳದಲ್ಲಿ ಬಿಟ್ಟು ಮುಗಿಯುತ್ತದೆ. ಉಳಿದುಕೊಂಡವನ ಆ ನಂತರದ ವರ್ಷಗಳನ್ನು, ಸಂತೆಯಲ್ಲಿ, ಚರ್ಚಿನಲ್ಲಿ, ಮತಗಟ್ಟೆಯಲ್ಲಿ ಹಳೆಯ ಸಂಗಾತಿಗಳ ಎದುರು ಅವನು ಹೇಗೆ ನಡೆದಾಡಿದ ಎಂಬುದನ್ನು, ಯಾರಾದರೂ ಇಷ್ಟೇ ಶ್ರದ್ಧೆಯಿಂದ ಚಿತ್ರ ಮಾಡಿದರೆ ನಾನು ಮೊದಲ ದಿನವೇ ನೋಡುತ್ತೇನೆ.